ಕಿಟಕಿ ಗೆದ್ದ ಬೊಂಬೆ

ಹೆಮ್ಮೆಪಡುವುದು ಒಳ್ಳೆಯ ಗುಣವಲ್ಲ ಎಂದು ನಮ್ಮ ಮನೆಯಲ್ಲಿ ಹೇಳಿಕೊಟ್ಟಿದ್ದರು. ಹೆಮ್ಮೆಪಡುವಂಥ ಕೆಲಸ ಯಾವುದನ್ನೂ ನಾನು ಮಾಡದೆ ಇದ್ದದ್ದರಿಂದ ಆ ಉಪದೇಶವನ್ನು ಪಾಲಿಸುವುದು ಬಹಳ ವರ್ಷ ಸುಲಭವಾಗಿಯೇ ಇತ್ತು. ಆಟೋಟದ ವಿಷಯದಲ್ಲಂತೂ ನನ್ನ ವಿನಯಕ್ಕೆ ಸಾಟಿಯಿರಲಿಲ್ಲ. ಚನ್ನಪಟ್ಟಣದ ಶಾಲೆಯಲ್ಲಿ ಥ್ರೋಬಾಲ್ ತಂಡ ಕಟ್ಟುವಾಗ ಎರಡೂ ಕಡೆಯ ನಾಯಕಿಯರು ನನ್ನನ್ನು ಬಿಟ್ಟು ಉಳಿದವರನ್ನೆಲ್ಲ ಆರಿಸಿಕೊಳ್ಳುತ್ತಿದ್ದರು. ಆಮೇಲೆ ಮೇಷ್ಟ್ರು, "ಸುಮಿತ್ರಾ, ನೀನು ಎಲ್ಲರ ಚಪ್ಪಲಿ ನೋಡ್ಕೋಮ್ಮ" ಎನ್ನುತ್ತಿದ್ದರು. ಆ ಕೆಲಸವನ್ನು ನಾನು ಶ್ರದ್ಧೆಯಿಂದಲೇ ಮಾಡಿದೆ. ನಾನು ಓದಿದಷ್ಟು ಕಾಲ ಆ ಮೈದಾನದಲ್ಲಿ ಯಾರ ಚಪ್ಪಲಿಯೂ ಕಳೆದುಹೋಗಲಿಲ್ಲ. ಇಂಥ ನಾನು ಕ್ರೀಡೆಯಲ್ಲಿ ಗೆದ್ದ ಕಥೆ ಹೇಳಲು ಹೊರಟಿದ್ದೇನೆ. ಅದೂ ಟೆನಿಸ್‌ನಲ್ಲಿ, ಅದೂ ಅಮೆರಿಕದಲ್ಲಿ. ಆ ಟೆನಿಸ್ ಟೀವಿಯೊಳಗಿನದು ಎಂಬ ಸಣ್ಣ ವಿವರವನ್ನು ಊರಿಗೆ ಫೋನ್ ಮಾಡುವಾಗ ನಾನು ಎತ್ತುವುದಿಲ್ಲ. ಓದುಗರ ಮೇಲಿನ ವಿಶ್ವಾಸದಿಂದ ಇಲ್ಲಿ ಹೇಳುತ್ತಿದ್ದೇನೆ.

ಆಗ ನಾನು ಅಮೆರಿಕದ ಉತ್ತರದ ಅಂಚಿನಲ್ಲಿರುವ ಕ್ಯಾನ್ಯನ್ ಪಾರ್ಕ್ ಎಂಬಲ್ಲಿ, ಆಸ್ಪತ್ರೆಗಳಿಗೆ ಸ್ಕ್ಯಾನಿಂಗ್ ಯಂತ್ರ ಮಾಡುವ ಒಂದು ಕಂಪನಿಯಲ್ಲಿದ್ದೆ. ಬೇರೆಯವರು ಬರೆದ ಸಾಫ್ಟ್‌ವೇರಿನಲ್ಲಿ ತಪ್ಪು ಹುಡುಕುವುದು ನನ್ನ ಕೆಲಸ. "ಮನೇಲಿ ಇದನ್ನೇ ಫ್ರೀಯಾಗಿ ಮಾಡ್ತೀಯಲ್ಲ" ಎಂದು ನನ್ನ ಗಂಡ ಶ್ರೀಧರ ಆಗಾಗ ಹೇಳುತ್ತಿದ್ದರು. ಆಫೀಸಿನಲ್ಲಿ ನನ್ನ ಮೇಜು ಪ್ರಿಂಟರಿನ ಪಕ್ಕಕ್ಕಿತ್ತು. ಪ್ರಿಂಟರಿನ ಪಕ್ಕ ಕೂತವರನ್ನು ಎಲ್ಲರೂ ಅದರ ಹತ್ತಿರದ ಸಂಬಂಧಿಕರೆಂದೇ ತಿಳಿಯುತ್ತಾರೆ. ಒಳಗೆ ಕಾಗದ ಸಿಕ್ಕಿಹಾಕಿಕೊಂಡರೆ ಮೊದಲು ನನ್ನ ಮುಖ ನೋಡುತ್ತಿದ್ದರು, ನಿಮ್ಮ ಹುಡುಗ ಮತ್ತೆ ತಂಟೆ ಮಾಡಿದ್ದಾನೆ ಎನ್ನುವಂತೆ. ಅದನ್ನಾದರೂ ಸಹಿಸಬಹುದಿತ್ತು. ಸಹಿಸಲಾಗದ್ದು ಕತ್ತಲು. ನವೆಂಬರ್ ಬಂತೆಂದರೆ ಈ ಸೀಮೆಯಲ್ಲಿ ಬೆಳಿಗ್ಗೆ ಕತ್ತಲಲ್ಲೇ ಕಾರು ಹತ್ತಬೇಕು, ಸಂಜೆ ಕತ್ತಲಲ್ಲೇ ಇಳಿಯಬೇಕು. ನಡುವೆ ಸಿಗುವ ಚೂರುಪಾರು ಬೆಳಕೆಲ್ಲ ಕಿಟಕಿಯ ಪಕ್ಕ ಕೂತವರ ಪಾಲು. ಎರಡನೆಯ ಚಳಿಗಾಲದ ಹೊತ್ತಿಗೆ ನಾನು ಕಾರಣವಿಲ್ಲದೆ ಅಳುವುದಕ್ಕೆ ಶುರುಮಾಡಿದ್ದೆ. ಹುಳಿಗೆ ಉಪ್ಪು ಹಾಕಿದೆನೋ ಇಲ್ಲವೋ ಎಂದು ನೆನಪಾಗದೆ ಒಲೆಯ ಮುಂದೆ ನಿಂತು ಅತ್ತಿದ್ದೇನೆ. ರುಚಿ ನೋಡಿದರೆ ಗೊತ್ತಾಗುತ್ತಿತ್ತು ಎಂಬುದು ಅತ್ತು ಮುಗಿದ ಮೇಲೆ ಹೊಳೆಯುತ್ತಿತ್ತು. ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿ, ಮಾತ್ರೆ ಬರೆದುಕೊಟ್ಟು, ಹಗಲು ಹೊತ್ತು ಬೆಳಕಿನಲ್ಲಿ ಕೂತುಕೊಳ್ಳಿ ಎಂದರು. ಎಲ್ಲಿ ಎಂದು ಹೇಳಲಿಲ್ಲ.

ಹೀಗಿರುವಾಗ ನಮ್ಮ ಗುಂಪಿನವರೊಬ್ಬರು ಬೇರೆ ಕಟ್ಟಡಕ್ಕೆ ಹೋಗಿ, ಕಿಟಕಿಯ ಪಕ್ಕದ ಒಂದು ಮೇಜು ಖಾಲಿಯಾಯಿತು. ಅರ್ಧ ದಿನ ಕಳೆಯುವುದರೊಳಗೆ ನಮ್ಮ ಮ್ಯಾನೇಜರ್ ಪ್ಯಾಟಿಯ ಮುಂದೆ ಸಾಲು ನಿಂತಿತು. ಮಂಗಳೂರಿನ ಲ್ಯಾನ್ಸಿ, ತಾನು ಕಂಪನಿಗೆ ಎಲ್ಲರಿಗಿಂತ ಮೊದಲು ಬಂದವನು ಎಂದ. ಡೆಬ್ರಾ ಎಂಬ ಹೆಂಗಸು, ಮ್ಯಾರಥಾನ್ ಓಡುವವಳು, ತನಗೆ ತಾಜಾ ಗಾಳಿ ಬೇಕು ಎಂದಳು. ಆ ಕಿಟಕಿಯನ್ನು ತೆರೆಯಲು ಬರುವುದಿಲ್ಲ ಎಂಬುದು ಬೇರೆ ಮಾತು. ನಿವೃತ್ತಿಯ ಅಂಚಿನಲ್ಲಿದ್ದ ಗ್ಲೆನ್‌ಗೆ ಆಗಲೇ ಒಂದು ಕಿಟಕಿ ಇತ್ತು. ಅವನು ಎರಡನೆಯದನ್ನು ತನ್ನ ಟೊಮೇಟೊ ಸಸಿಗಳಿಗೆ ಕೇಳಿದ. ಚಳಿಗಾಲದ ಕೊನೆಗೆ ಅವನು ಪುಟ್ಟ ಪುಟ್ಟ ಕಪ್ಪುಗಳಲ್ಲಿ ಬೀಜ ಹಾಕಿ, ಸಸಿ ಮಾಡಿ, ಬೇಸಿಗೆಯಲ್ಲಿ ಮನೆಯ ಹಿತ್ತಲಿಗೆ ಒಯ್ಯುತ್ತಿದ್ದ. ನನ್ನ ಸರದಿ ಬಂದಾಗ ಡಾಕ್ಟರ ಮಾತನ್ನು ಹೇಳಲು ನಾಚಿಕೆಯಾಗಿ, "ನನಗೂ ಕಿಟಕಿ ಅಂದ್ರೆ ಇಷ್ಟ" ಎಂದಷ್ಟೇ ಹೇಳಿ ಬಂದೆ. ಪ್ಯಾಟಿ ಯಾರ ಮನಸ್ಸನ್ನೂ ನೋಯಿಸದ ಹೆಂಗಸು. ಎರಡು ದಿನ ತಲೆ ಕೆಡಿಸಿಕೊಂಡು ಕೊನೆಗೆ ಒಂದು ತೀರ್ಮಾನಕ್ಕೆ ಬಂದಳು. ಊಟದ ಕೋಣೆಯಲ್ಲಿ ನೌಕರರ ಉಲ್ಲಾಸಕ್ಕೆಂದು ಕಂಪನಿಯವರು ಇಟ್ಟ ಟೀವಿ ಇತ್ತು, ಅದಕ್ಕೆ ಜೋಡಿಸಿದ ಟೆನಿಸ್ ವಿಡಿಯೋ ಗೇಮ್ ಇತ್ತು. ತಿಂಗಳ ಕೊನೆಗೆ ಪಂದ್ಯ, ಗೆದ್ದವರಿಗೆ ಕಿಟಕಿ. ಎಲ್ಲರೂ ನಕ್ಕು ಒಪ್ಪಿಕೊಂಡರು. ನಾನೂ ನಕ್ಕೆ. ಆಮೇಲೆ ಹೆಂಗಸರ ಶೌಚಾಲಯಕ್ಕೆ ಹೋಗಿ ಮುಖ ತೊಳೆದುಕೊಂಡೆ.

ಈ ಆಟವನ್ನು ಕಾಣದವರಿಗಾಗಿ ಸ್ವಲ್ಪ ವಿವರಿಸಬೇಕು. ಇದರಲ್ಲಿ ಮೊದಲು ನಿಮ್ಮದೇ ಒಬ್ಬ ಆಟಗಾರನನ್ನು ನೀವು ತಯಾರುಮಾಡಿಕೊಳ್ಳಬೇಕು. ಚನ್ನಪಟ್ಟಣದವಳಾದ ನಾನು ಅದನ್ನು ಬೊಂಬೆ ಎಂದೇ ಕರೆಯುತ್ತೇನೆ. ಆಟ ಒಂದಿಷ್ಟು ಅಂಕಗಳನ್ನು ಕೊಡುತ್ತದೆ. ಅವನ್ನು ಸರ್ವ್, ಹೊಡೆತದ ಬಲ, ಓಟ, ನೆಟ್ಟಿನ ಹತ್ತಿರದ ಆಟ, ಚೆಂಡಿನ ಹಿಡಿತ, ದಮ್ಮು ಇವುಗಳಿಗೆ ನಿಮ್ಮಿಷ್ಟದಂತೆ ಹಂಚಬಹುದು. ಒಂದಕ್ಕೆ ಸುರಿದರೆ ಇನ್ನೊಂದು ಬರಿದು. ನಾನು ನಮ್ಮಮ್ಮ ಪಂಕ್ತಿಯಲ್ಲಿ ಪಾಯಸ ಬಡಿಸುವ ಹಾಗೆ ಎಲ್ಲದಕ್ಕೂ ಸಮಸಮವಾಗಿ ಬಡಿಸಿದೆ, ಯಾವುದಕ್ಕೂ ಬೇಜಾರಾಗಬಾರದು ಎಂದು. ಪರಿಣಾಮವಾಗಿ ನನ್ನ ಬೊಂಬೆಗೆ ಎಲ್ಲವೂ ಬರುತ್ತಿತ್ತು, ಏನೂ ಬರುತ್ತಿರಲಿಲ್ಲ. ಅಭ್ಯಾಸದ ಆಟಗಳಲ್ಲಿ ಲ್ಯಾನ್ಸಿ ಹೊಡೆದ, ಡೆಬ್ರಾ ಹೊಡೆದಳು, ಗ್ಲೆನ್ ಕ್ಯಾರೆಟ್ ತಿನ್ನುತ್ತಾ ಹೊಡೆದ. ಕೊನೆಗೆ ಕಾಫಿ ಯಂತ್ರ ರಿಪೇರಿಗೆ ಬಂದಿದ್ದವರೂ ಒಂದು ಕೈ ನೋಡಿ, ಹೊಡೆದು, ಥ್ಯಾಂಕ್ಸ್ ಹೇಳಿ ಹೋದರು.

ಶನಿವಾರ ಶ್ರೀಧರ ನನ್ನನ್ನು ಯೂನಿವರ್ಸಿಟಿ ಡಿಸ್ಟ್ರಿಕ್ಟ್ ಎಂಬ ಬಡಾವಣೆಗೆ ಕರೆದುಕೊಂಡು ಹೋದರು. ಅಲ್ಲಿ ಓದು ಮುಗಿಸಿ ಊರು ಬಿಡುತ್ತಿದ್ದ ವಿದ್ಯಾರ್ಥಿಯೊಬ್ಬ ಅದೇ ಗೇಮನ್ನು, ಅದರ ಪೆಟ್ಟಿಗೆಯನ್ನು ಅಗ್ಗಕ್ಕೆ ಮಾರುತ್ತಿದ್ದ. ತಾವು ಕೆಲಸ ಮಾಡುವ ಫ್ರೀಮಾಂಟಿನ ಆಫೀಸಿನಲ್ಲಿ ಇಂಥ ಗೇಮುಗಳಲ್ಲಿ ತಮ್ಮನ್ನು ಮೀರಿಸಿದವರಿಲ್ಲ ಎಂದು ಶ್ರೀಧರ ದಾರಿಯುದ್ದಕ್ಕೂ ಹೇಳಿದರು. ಮನೆಗೆ ಬಂದು, "ನೋಡು ಸುಮಿ, ಫುಲ್ ಪವರ್ ಹಾಕ್ಬೇಕು. ಯೋಚನೆ ಮಾಡ್ಲೇಬಾರ್ದು" ಎಂದು ಪಾಠ ಶುರುಮಾಡಿದರು. ಆ ಪಾಠ ಭಾನುವಾರ ಮಧ್ಯಾಹ್ನದವರೆಗೆ ನಡೆಯಿತು. ಆಮೇಲೆ ನಿಂತದ್ದು ಏಕೆಂದರೆ, ಅಷ್ಟು ಹೊತ್ತಿಗೆ ನಾನು ಅವರನ್ನು ಸೋಲಿಸತೊಡಗಿದ್ದೆ.

ಅದು ಹೇಗಾಯಿತು ಎಂದರೆ, ನನಗೆ ಇದ್ದಕ್ಕಿದ್ದ ಹಾಗೆ ನಮ್ಮ ಸೋದರತ್ತೆ ಗೌರಮ್ಮ ನೆನಪಾದರು. ಚೌಕಾಬಾರ ಆಡುವುದರಲ್ಲಿ ನಮ್ಮ ಬೀದಿಯಲ್ಲಿ ಅತ್ತೆಯನ್ನು ಗೆದ್ದವರಿಲ್ಲ. ಕವಡೆಯಾದರೋ ಎಲ್ಲರಿಗೂ ಒಂದೇ ಥರ ಬೀಳುವಂಥದು. ಅತ್ತೆ ಗೆಲ್ಲುತ್ತಿದ್ದುದು ಎದುರಿಗೆ ಕೂತವರ ಗುಣ ನೋಡಿ. ಆತುರದವರು ಕೂತರೆ ಕವಡೆಯನ್ನು ಅಂಗೈಯಲ್ಲಿ ಕುಲುಕುತ್ತಾ ಎಸೆಯದೆ, "ನಿಮ್ಮ ಸೊಸೆ ತವರಿನಿಂದ ಬಂದ್ಲಾ?" ಎಂದು ವಿಚಾರಿಸುವರು. ಜಿಪುಣರು ಕೂತರೆ ತಮ್ಮದೊಂದು ಕಾಯನ್ನು ಬಲಿಕೊಟ್ಟು ಅವರಿಗೆ ಆಸೆ ಹುಟ್ಟಿಸುವರು. ನಾನು ಕೂತರೆ ಮಾತ್ರ ಏನೂ ಮಾಡುತ್ತಿರಲಿಲ್ಲ. ಅದರ ಅಗತ್ಯ ಅವರಿಗೆ ಕಾಣುತ್ತಿರಲಿಲ್ಲ. ಅತ್ತೆಯನ್ನು ನೆನೆದು ನಾನು ಬೊಂಬೆಯನ್ನು ಅಳಿಸಿ ಹೊಸದಾಗಿ ಮಾಡಿದೆ. ಸರ್ವಿಗೆ ಸೊನ್ನೆ, ಬಲಕ್ಕೆ ಸೊನ್ನೆಗಿಂತ ತುಸು ಜಾಸ್ತಿ. ಉಳಿದದ್ದನ್ನೆಲ್ಲ ಚೆಂಡಿನ ಹಿಡಿತಕ್ಕೂ ದಮ್ಮಿಗೂ ಸುರಿದೆ. ಗಟ್ಟಿಯಾಗಿ ಹೊಡೆಯಲು ಬಾರದ, ಆದರೆ ಹೇಳಿದ ಜಾಗಕ್ಕೆ ಚೆಂಡು ಹಾಕುವ, ಎಷ್ಟು ಹೊತ್ತಾದರೂ ದಣಿಯದ ಬೊಂಬೆ ಅದು. ಶ್ರೀಧರ ಅದರ ಜೊತೆ ಆಡಿ ಸೋತು, ಕಂಟ್ರೋಲರನ್ನು ಸೋಫಾದ ಮೇಲಿಟ್ಟು, "ನೀನು ಮನೇಲಿ ಜಗಳ ಆಡೋದೂ ಹೀಗೇ" ಎಂದರು. ಅದನ್ನು ನಾನು ಪ್ರಮಾಣಪತ್ರವೆಂದೇ ಸ್ವೀಕರಿಸಿದೆ.

ಆಫೀಸಿನ ಟೀವಿಯಲ್ಲೂ ಅಂಥದೇ ಬೊಂಬೆ ಮಾಡಿಟ್ಟೆ. ಮೊದಲ ಪಂದ್ಯ ಲ್ಯಾನ್ಸಿಯ ಜೊತೆ. ಲ್ಯಾನ್ಸಿ ತನ್ನ ಬೊಂಬೆಯ ಅಂಕಗಳನ್ನೆಲ್ಲ ಸರ್ವಿಗೂ ಬಲಕ್ಕೂ ಹಾಕಿದ್ದ. ಅದು ಆರಡಿಗೂ ಮಿಕ್ಕಿದ ದೈತ್ಯ, ತೋಳು ಬಾಳೆಯ ದಿಂಡಿನಷ್ಟು. ಅದು ಸರ್ವ್ ಮಾಡಿದರೆ ಚೆಂಡು ಕಾಣುತ್ತಿರಲಿಲ್ಲ, ಸದ್ದು ಮಾತ್ರ ಕೇಳುತ್ತಿತ್ತು. ಇಂಥವರ ಎದುರು ಎಲ್ಲರೂ ಮಾಡುವ ತಪ್ಪೆಂದರೆ, ತಾವೂ ಅಷ್ಟೇ ಜೋರಾಗಿ ಹೊಡೆಯಲು ಹೋಗುವುದು. ನಾನು ನನ್ನ ಬೊಂಬೆಯನ್ನು ಅಂಗಳದ ತೀರ ಹಿಂದಕ್ಕೆ, ಗೋಡೆಗೆ ಬೆನ್ನು ತಾಗುವಷ್ಟು ಹಿಂದಕ್ಕೆ ನಿಲ್ಲಿಸಿದೆ. ಬಂದ ಚೆಂಡನ್ನು ಸುಮ್ಮನೆ ತಡೆದು ಆಚೆಗೆ ಕಳಿಸಿದೆ. ಒಮ್ಮೆ ಎಡ ಮೂಲೆಗೆ, ಒಮ್ಮೆ ಬಲ ಮೂಲೆಗೆ. ದೈತ್ಯ ಅತ್ತ ಓಡಿದ, ಇತ್ತ ಓಡಿದ. ಅವನಿಗೆ ದಮ್ಮಿಗೆಂದು ಲ್ಯಾನ್ಸಿ ಏನೂ ಕೊಟ್ಟಿರಲಿಲ್ಲ. ಮೊದಲ ಗೇಮುಗಳನ್ನು ಸೋತೆ, ನಿಜ. ಆದರೆ ಪರದೆಯ ಮೂಲೆಯಲ್ಲಿ ದೈತ್ಯನ ಶಕ್ತಿ ತೋರಿಸುವ ಹಸಿರು ಪಟ್ಟಿ ಕರಗುತ್ತಾ ಬಂದು ಕೆಂಪಾಯಿತು. ಆಮೇಲೆ ಅವನ ಸರ್ವಿಗೂ ನನ್ನ ಸರ್ವಿಗೂ ವ್ಯತ್ಯಾಸ ಉಳಿಯಲಿಲ್ಲ. ನನ್ನ ಸರ್ವ್ ಹೇಗಿತ್ತೆಂದರೆ, ಲ್ಯಾನ್ಸಿ ಮಧ್ಯದಲ್ಲಿ ತಡೆಯಲಾರದೆ, "ಎಂತ ಮಾರಾಯ್ರೇ, ನೀವು ಸರ್ವ್ ಮಾಡುದಾ ಆರತಿ ಎತ್ತುದಾ?" ಎಂದು ಕೇಳಿದ್ದ. "ಅವಸರ ಇದ್ರೆ ನೀವು ಗೆದ್ದು ಮುಗಿಸ್ಬಿಡಿ" ಎಂದೆ. ಅವನು ಅವಸರ ಮಾಡಿ ಚೆಂಡುಗಳನ್ನು ಹೊರಕ್ಕೆ ಹೊಡೆದ. ಸೋತ ಮೇಲೆ ಎದ್ದು ನಿಂತು ಕೈಕುಲುಕಿ, "ನಿಮ್ಮ ಹತ್ರ ಆಡುದಂದ್ರೆ ಕೆಸರಲ್ಲಿ ಓಡಿದ ಹಾಗೆ ಆಗ್ತದೆ" ಎಂದ. ಮಂಗಳೂರಿನವರ ಬಾಯಲ್ಲಿ ಇಂಥ ಹೊಗಳಿಕೆ ಸುಲಭಕ್ಕೆ ಬರುವುದಿಲ್ಲ.

ಡೆಬ್ರಾಳ ಬೊಂಬೆ ಇದಕ್ಕೆ ತದ್ವಿರುದ್ಧ. ಓಟಕ್ಕೂ ದಮ್ಮಿಗೂ ಎಲ್ಲವನ್ನೂ ಸುರಿದಿದ್ದಳು, ಅವಳೇ ಇದ್ದ ಹಾಗೆ. ಅದು ಗೋಡೆ. ಎಲ್ಲಿಗೆ ಹೊಡೆದರೂ ಅಲ್ಲಿರುತ್ತಿತ್ತು, ಹೊಡೆದದ್ದನ್ನೆಲ್ಲ ಹಿಂದಕ್ಕೆ ಕಳಿಸುತ್ತಿತ್ತು. ದಣಿಸುವ ನನ್ನ ಉಪಾಯ ಅಲ್ಲಿ ನಡೆಯುವಂತಿರಲಿಲ್ಲ. ಒಂದೊಂದು ಪಾಯಿಂಟು ಸೀರಿಯಲ್ಲಿನಂತೆ ಎಳೆದು, ನೋಡುತ್ತಿದ್ದವರು ಎದ್ದು ಹೋಗಿ ತಟ್ಟೆ ತೊಳೆದು ಬಂದರೂ ಮುಗಿದಿರುತ್ತಿರಲಿಲ್ಲ. ಆಗ ನನಗೆ ಕಂಡದ್ದು, ಈ ಗೋಡೆ ಎಂದೂ ಮುಂದಕ್ಕೆ ಬರುವುದಿಲ್ಲ ಎನ್ನುವುದು. ನೆಟ್ಟಿನ ಆಟಕ್ಕೆ ಅವಳು ಒಂದು ಅಂಕವನ್ನೂ ಇಟ್ಟಿರಲಿಲ್ಲ. ಒಳ್ಳೆಯದು, ಕರೆಯೋಣ ಎಂದುಕೊಂಡೆ. ಚೆಂಡನ್ನು ನೆಟ್ಟಿನ ಆಚೆ ಬದಿಗೆ ಮೆಲ್ಲಗೆ ಬೀಳಿಸುವ ಡ್ರಾಪ್ ಎಂಬ ಹೊಡೆತವಿದೆ, ಅದನ್ನು ಹಾಕಿದೆ. ಗೋಡೆ ಓಡಿ ಬಂತು, ಚೆಂಡನ್ನು ಎತ್ತಿಯೂ ಎತ್ತಿತು, ಆದರೆ ಬೀಗರ ಮನೆಯ ಅಡುಗೆಮನೆಗೆ ತಪ್ಪಿ ಬಂದವರಂತೆ ಅಲ್ಲೇ ತಬ್ಬಿಬ್ಬಾಗಿ ನಿಂತಿತು. ಆಗ ಅದರ ತಲೆಯ ಮೇಲಿಂದ ಚೆಂಡನ್ನು ಎತ್ತಿ ಹಿಂದಕ್ಕೆ ಹಾಕಿದೆ. ಅದಕ್ಕೆ ಲಾಬ್ ಎನ್ನುತ್ತಾರೆ. ಮುಂದೆ ಕರೆಯುವುದು, ಹಿಂದೆ ಕಳಿಸುವುದು. ಕರೆದು ಕಳಿಸಿ, ಕರೆದು ಕಳಿಸಿ ಗೆದ್ದೆ. ಡೆಬ್ರಾ ಸೋತಿದ್ದಕ್ಕೆ ಬೇಸರಿಸದೆ, ನಿಜವಾದ ಟೆನಿಸ್ ಆಡುತ್ತೀಯಾ ಎಂದು ಕೇಳಿದಳು. ಬಾಲ್ಯದಿಂದಲೂ ಮೈದಾನದಲ್ಲೇ ಇದ್ದವಳು ಎಂದೆ. ಸುಳ್ಳೇನಲ್ಲ.

ಕೊನೆಯ ಪಂದ್ಯ ಗ್ಲೆನ್‌ನ ಜೊತೆ. ಅವನೂ ಉಳಿದಿಬ್ಬರನ್ನು ಸೋಲಿಸಿ ಬಂದಿದ್ದ. ಅಷ್ಟರಲ್ಲಿ ಸುದ್ದಿ ಹಬ್ಬಿ ಪಕ್ಕದ ಗುಂಪಿನವರೂ ತಮ್ಮ ಡಬ್ಬಿ ಹಿಡಿದು ಬಂದು ಗೋಡೆಗೆ ಒರಗಿ ನಿಂತಿದ್ದರು. ಹೊರಗೆ ಜಿನುಗು ಮಳೆ, ನಡುಹಗಲಲ್ಲೇ ದೀಪ ಹಾಕಿದ್ದರು. ನಾನು ಬೆಳಗಿನಿಂದ ಏನೂ ತಿಂದಿರಲಿಲ್ಲ. ಉಳಿದವರಿಗೆ ಇದು ತಮಾಷೆ, ನನಗೆ ಇನ್ನೊಂದು ಚಳಿಗಾಲ. ಗ್ಲೆನ್‌ನ ಬೊಂಬೆ ಪಕ್ಕಾ ಮಾಟಗಾರ. ಬಲವಿಲ್ಲ, ವೇಗವಿಲ್ಲ, ಬರೀ ಕೈಚಳಕ. ನಾನು ಡೆಬ್ರಾಳಿಗೆ ಮಾಡಿದ್ದನ್ನೇ ಅವನು ನನಗೆ ನನಗಿಂತ ಚೆನ್ನಾಗಿ ಮಾಡುತ್ತಿದ್ದ. ಹಿಂದೆ ನಿಂತರೆ ಡ್ರಾಪ್, ಮುಂದೆ ಹೋದರೆ ಲಾಬ್. ಪಂದ್ಯ ಶುರುವಾದ ಮೇಲೆ ಬೊಂಬೆಯನ್ನು ಬದಲಿಸುವಂತಿಲ್ಲ ಎಂದು ಪ್ಯಾಟಿಯ ಕಟ್ಟಪ್ಪಣೆ ಬೇರೆ. ಚೆಂಡನ್ನು ಮೂಲೆಗೆ ಹಾಕಿದರೆ ಅವನು ಓರೆಯಾಗಿ ಕತ್ತರಿಸುತ್ತಾನೆ, ಆದ್ದರಿಂದ ಅಂಗಳದ ಮಧ್ಯಕ್ಕೇ, ಆಳಕ್ಕೆ ಹಾಕತೊಡಗಿದೆ. ಓರೆಗೆ ಜಾಗ ಸಿಗಲಿಲ್ಲ, ನಾನು ಹಿಂದೆ ಬಿದ್ದಿದ್ದ ಅಂತರ ಸ್ವಲ್ಪ ಕಡಿಮೆಯಾಯಿತು. ಆದರೂ ಆ ಡ್ರಾಪ್ ಯಾವಾಗ ಬರುತ್ತದೆ ಎಂದು ತಿಳಿಯುತ್ತಿರಲಿಲ್ಲ. ಪರದೆಯ ಮೇಲೆ ಅವನ ಬೊಂಬೆ ಎರಡೂ ಹೊಡೆತಕ್ಕೆ ಕೈ ಎತ್ತುವುದು ಒಂದೇ ಥರ.

ಪರದೆಯಲ್ಲಿ ಏನೂ ಸಿಗದಾಗ ನಾನು ಗೌರಮ್ಮತ್ತೆ ನೋಡುತ್ತಿದ್ದ ಕಡೆ ನೋಡಿದೆ, ಅಂದರೆ ಗ್ಲೆನ್‌ನ ಮುಖದ ಕಡೆ. ಗ್ಲೆನ್ ಎಂದಿನಂತೆ ಬಾಯಲ್ಲಿ ಕ್ಯಾರೆಟ್ ಇಟ್ಟುಕೊಂಡಿದ್ದ, ಹಸು ಮೆಲುಕು ಹಾಕಿದ ಹಾಗೆ ನೆಮ್ಮದಿಯಿಂದ ಅಗಿಯುತ್ತಿದ್ದ. ನಾಲ್ಕಾರು ಪಾಯಿಂಟ್ ನೋಡಿದ ಮೇಲೆ ಗೊತ್ತಾಯಿತು. ಡ್ರಾಪ್ ಹಾಕುವ ಮುನ್ನ ಅವನ ದವಡೆ ನಿಲ್ಲುತ್ತಿತ್ತು. ಅದು ನಾಜೂಕಿನ ಹೊಡೆತ, ಅಗಿಯುತ್ತಾ ಹಾಕುವಂಥದ್ದಲ್ಲ. ಅಲ್ಲಿಂದ ಮುಂದೆ ಕೋಣೆಯಲ್ಲಿದ್ದವರೆಲ್ಲ ಟೀವಿ ನೋಡುತ್ತಿದ್ದರು, ನಾನು ದವಡೆ ನೋಡುತ್ತಿದ್ದೆ. ದವಡೆ ನಿಂತಿತು, ನನ್ನ ಬೊಂಬೆ ಮುಂದಕ್ಕೆ ಓಡಿತು. ದವಡೆ ಆಡಿತು, ಹಿಂದೆಯೇ ನಿಂತಿತು. ಗ್ಲೆನ್ ಕನ್ನಡಕ ತೆಗೆದು ಒರೆಸಿಕೊಂಡ. ಇನ್ನೊಂದು ಕ್ಯಾರೆಟ್ ತೆಗೆದುಕೊಂಡ. ನನ್ನ ಪಾಲಿಗೆ ಅದಕ್ಕಿಂತ ದೊಡ್ಡ ಉಪಕಾರ ಬೇರೆ ಇರಲಿಲ್ಲ. ಕೊನೆಯ ಪಾಯಿಂಟಿನಲ್ಲಿ ದವಡೆ ಎಷ್ಟು ಹೊತ್ತಾದರೂ ನಿಲ್ಲಲಿಲ್ಲ. ಆಮೇಲೆ ನಿಂತಿತು. ಚೆಂಡು ನೆಟ್ಟಿನ ಆಚೆಯಿಂದ ಮೆಲ್ಲಗೆ ಇಳಿಯುವಷ್ಟರಲ್ಲಿ ನನ್ನ ಬೊಂಬೆ ಅಲ್ಲಿ ಕಾದುಕೊಂಡು ನಿಂತಿತ್ತು. ಖಾಲಿ ಮೂಲೆಗೆ ಒಂದು ಸಣ್ಣ ತಳ್ಳು, ಅಷ್ಟೆ. ಲ್ಯಾನ್ಸಿ ಮೇಜು ಬಡಿದು, "ನಮ್ಮ ಊರಿನ ಹೆಂಗಸು ನೋಡಿ" ಎಂದು ಇಂಗ್ಲಿಷಿನಲ್ಲಿ ಎಲ್ಲರಿಗೂ ಕೇಳುವಂತೆ ಹೇಳಿದ. ಚನ್ನಪಟ್ಟಣ ಮಂಗಳೂರಿಗೆ ಸೇರಿದ್ದು ಅವತ್ತೇ.

ಅಂದು ಮಧ್ಯಾಹ್ನವೇ ನಾನು ಸಾಮಾನು ಸಾಗಿಸಿದೆ. ಕಿಟಕಿಯಿಂದ ಕಾಣುತ್ತಿದ್ದುದು ಕಾರು ನಿಲ್ಲಿಸುವ ಜಾಗ, ಅದರಾಚೆ ನೀರು ನಿಂತ ಗುಂಡಿ, ಅಲ್ಲಿ ಜಗಳವಾಡುವ ಬಾತುಗಳು, ಹಿಂದೆ ದೇವದಾರು ಮರಗಳ ಸಾಲು. ಬೆಳಕು ಬೂದು ಬಣ್ಣದ್ದೇ, ಆದರೆ ಬೆಳಕು. ಕುರ್ಚಿಯನ್ನು ತಿರುಗಿಸಿಕೊಂಡು ಸುಮ್ಮನೆ ಕೂತೆ. ಮತ್ತೆ ಅಳು ಬಂತು, ಈ ಸಲ ಕಾರಣ ಗೊತ್ತಿತ್ತು. ಮರುದಿನ ಗ್ಲೆನ್‌ನ ಬಳಿ ಹೋಗಿ, ಕಿಟಕಿಯ ಅಂಚು ಅರ್ಧ ಖಾಲಿಯಿದೆ, ನಿನ್ನ ಸಸಿಗಳನ್ನು ತಂದಿಡು ಎಂದೆ. ಗೆದ್ದವರಿಗೆ ಔದಾರ್ಯ ಎಷ್ಟು ಸುಲಭ ಎಂಬುದು ನನಗೆ ಹೊಸ ಅನುಭವ. ಅವನು ತಂದಿಟ್ಟ. ಅವಕ್ಕೆ ನೀರು ಹಾಕುವ ನೆಪದಲ್ಲಿ ದಿನಕ್ಕೊಮ್ಮೆ ಬಂದು ನಿಲ್ಲುತ್ತಿದ್ದ. ಬೇಸಿಗೆಯಲ್ಲಿ ಒಂದು ಚೀಲ ಹಣ್ಣು ತಂದುಕೊಟ್ಟ. ನಾನು ಗೊಜ್ಜು ಮಾಡಿ ಕೊಟ್ಟೆ. ಅದನ್ನು ಅವನು ಬ್ರೆಡ್ಡಿಗೆ ಬಳಿದುಕೊಂಡು, ಕಣ್ಣಲ್ಲಿ ನೀರು ಸುರಿಸುತ್ತಾ ಪೂರ್ತಿ ತಿಂದ.

ಗ್ಲೆನ್ ನಿವೃತ್ತನಾಗುವ ವಾರ, ಹೋಗುವ ಮೊದಲು ಇನ್ನೊಂದು ಆಟವಾಗಲಿ ಎಂದ. ನಾನು ದೊಡ್ಡ ಮನಸ್ಸಿನಿಂದ ಒಪ್ಪಿಕೊಂಡೆ, ವಯಸ್ಸಾದವನು, ಒಂದೆರಡು ಗೇಮು ಬಿಟ್ಟುಕೊಡೋಣ ಎಂದು. ಬಿಟ್ಟುಕೊಡುವ ಪ್ರಮೇಯವೇ ಬರಲಿಲ್ಲ. ನಾನು ಡ್ರಾಪ್ ಹಾಕಿದರೆ ಅವನ ಬೊಂಬೆ ಆಗಲೇ ನೆಟ್ಟಿನ ಹತ್ತಿರ. ಲಾಬ್ ಎತ್ತಿದರೆ ಆಗಲೇ ಹಿಂದೆ. ಮೂಲೆಗೆ ಹೊಡೆದರೆ ಮೂಲೆಯಲ್ಲಿ. ನನ್ನ ಮನಸ್ಸಿನೊಳಗೆ ಒಂದು ಸ್ಟೂಲು ಹಾಕಿಕೊಂಡು ಕೂತವನಂತೆ ಆಡಿದ. ಹೀನಾಯವಾಗಿ ಸೋತೆ. ಹೇಗೆ ಎಂದು ಕೇಳಿದೆ. ಅವನು ಗಂಭೀರವಾಗಿ ನನ್ನತ್ತ ತಿರುಗಿ, "ಬಾ, ಬಾ" ಎಂದ. ಆಮೇಲೆ, "ಹೋಗು." ಆಮೇಲೆ, "ಓಡು."

ಆಡುವಾಗ ನಾನು ಗೊಣಗುತ್ತೇನಂತೆ. ಡ್ರಾಪ್ ಹಾಕುವ ಮುಂಚೆ ಬಾ ಬಾ ಎಂದು ಕರೆಯುತ್ತೇನೆ, ಲಾಬಿಗೆ ಹೋಗು ಎನ್ನುತ್ತೇನೆ, ಮೂಲೆಗೆ ಹೊಡೆಯುವಾಗ ಓಡು ಎನ್ನುತ್ತೇನೆ. ನನಗೆ ಇದು ಖಂಡಿತ ಗೊತ್ತಿರಲಿಲ್ಲ. ಲ್ಯಾನ್ಸಿಯನ್ನು ಹಿಡಿದು ಕೇಳಿದೆ.

"ಎಂತ ಮಾಡುದು ಮಾರಾಯ್ರೇ," ಎಂದ ಅವನು, ತಲೆ ತಗ್ಗಿಸದೆಯೇ. "ಅವರು ದಿನಾ ಬಂದು ಕೇಳ್ತಿದ್ರು, ಅವಳು ಎಂತ ಹೇಳುದು ಅಂತ. ಹೇಳಿಕೊಟ್ಟೆ. ಬಾಯಿಪಾಠ ಮಾಡಿದ್ರು."

"ನಿಮಗೆ ಮೊದಲಿಂದ್ಲೂ ಕೇಳಿಸ್ತಿತ್ತಲ್ಲ? ಹಾಗಾದ್ರೆ ನೀವ್ಯಾಕೆ ಸೋತ್ರಿ?"

"ನಾನು ನಿಮ್ಮ ಮಾತು ಕೇಳ್ಲಿಕ್ಕೆ ಹೋಗ್ಲೇ ಇಲ್ಲ. ನನ್ನದೇ ಜೋರು ಇತ್ತಲ್ಲ."

ಕೊನೆಯ ದಿನ ಗ್ಲೆನ್ ಎಲ್ಲರ ಕೈಕುಲುಕಿ, ನನ್ನ ಮುಂದೆ ನಿಂತು, "ಹೋಗಿ ಬರ್ತೇನೆ" ಎಂದ. ಬರ್ತೇನೆ. ಅಪ್ಪಟ ಮಂಗಳೂರು. ಸ್ವಲ್ಪ ಹೊಟ್ಟೆಕಿಚ್ಚಾಯಿತು, ಆದರೆ ತಿದ್ದದೆ ಹೋಗಿ ಬಾ ಎಂದೆ. ಮನೆಗೆ ಬಂದಾಗ ಶ್ರೀಧರ, "ಸೋತ್ಯಂತೆ?" ಎಂದರು. "ಸೋತಿದ್ದಲ್ಲ ರೀ. ನನ್ನನ್ನ ಸೋಲಿಸ್ಬೇಕು ಅಂದ್ರೆ ಈಗ ಕನ್ನಡ ಕಲೀಬೇಕು, ಅಷ್ಟೆ" ಎಂದೆ. ಈ ಮಾತನ್ನು ನಾನು ಆ ವಾರ ಎಷ್ಟು ಜನಕ್ಕೆ ಹೇಳಿದೆನೋ ನನಗೇ ಲೆಕ್ಕವಿಲ್ಲ.

ಹೇಳುತ್ತಾ ಹೇಳುತ್ತಾ ನನಗೊಂದು ಯೋಚನೆ ಬಂತು. ಭಾನುವಾರಗಳಲ್ಲಿ ನಾನು ಇಲ್ಲಿನ ನಮ್ಮವರ ಮಕ್ಕಳಿಗೆ ಕನ್ನಡ ಹೇಳಿಕೊಡುತ್ತೇನೆ. ಊಟ ಆಯ್ತಾ ಎಂದರೆ ಯೆಸ್ ಆಂಟಿ ಎನ್ನುವ ಮಕ್ಕಳು. ಅರವತ್ತು ದಾಟಿದ ಗ್ಲೆನ್ ಕಲಿತದ್ದನ್ನು ಇವರು ಕಲಿಯಲಾರರೇ? ಮುಂದಿನ ತರಗತಿಗೆ ಆಟದ ಪೆಟ್ಟಿಗೆಯನ್ನೇ ಹೊತ್ತುಕೊಂಡು ಹೋದೆ. ಕನ್ನಡ ಗಮನವಿಟ್ಟು ಕೇಳಿದವರು ಟೀಚರನ್ನು ಸೋಲಿಸಬಹುದು ಎಂದು ಘೋಷಿಸಿದೆ. ಮುಂದಿನ ಸಾಲಿನಲ್ಲಿದ್ದ ಅನನ್ಯಾ ಎಂಬ ಜಡೆಯ ಪೋರಿ ಕಂಟ್ರೋಲರ್ ಹಿಡಿದಳು. ನಾನು ಬಾ ಎಂದೆ, ಹೋಗು ಎಂದೆ, ಬೇಕೆಂದೇ ಗಟ್ಟಿಯಾಗಿ ಓಡು ಎಂದೆ. ಕೈಯಲ್ಲಿದ್ದ ಬಿಸ್ಕತ್ತು ಮುಗಿಯುವ ಮೊದಲೇ ಅವಳು ನನ್ನನ್ನು ಸೋಲಿಸಿದಳು. ನಾನು ಸಂತೋಷದಿಂದ ಬೀಗುತ್ತಾ, "ನೋಡಿದ್ಯಾ, ನಾನು ಹೇಳಿದ್ದೆಲ್ಲ ಅರ್ಥ ಆಯ್ತು ಅಲ್ವಾ?" ಎಂದೆ.

"ನೋ ಆಂಟಿ," ಎಂದಳು ಅನನ್ಯಾ, ಸಮಾಧಾನ ಮಾಡುವ ದನಿಯಲ್ಲಿ. "ಐ ವಾಸ್‌ನ್ಟ್ ಲಿಸನಿಂಗ್. ಯು ಆರ್ ಜಸ್ಟ್ ವೆರಿ ಸ್ಲೋ."

ಟೀಚರ ಮರ್ಯಾದೆ ಉಳಿಸಿಕೊಳ್ಳಬೇಕಲ್ಲ, ಅದನ್ನೇ ಕನ್ನಡದಲ್ಲಿ ಹೇಳು ಎಂದೆ. ಅವಳು ಚಾವಣಿ ನೋಡಿ ಸ್ವಲ್ಪ ಯೋಚಿಸಿದಳು.

"ನೀವು ತುಂಬಾ ನಿಧಾನ ಆಂಟಿ, ನಿಮಗೆ ಆಡಕ್ಕೆ ಬರಲ್ಲ."

ನನ್ನ ತರಗತಿಯಲ್ಲಿ ಒಂದು ಮಗು ತಾನಾಗಿ ಜೋಡಿಸಿ ಆಡಿದ ಮೊದಲ ಪೂರ್ತಿ ಕನ್ನಡ ವಾಕ್ಯ ಅದು. ಎಲ್ಲಿಯೂ ಒಂದು ತಪ್ಪಿರಲಿಲ್ಲ.